ಸದ್ದಿಲ್ಲದ ಹೊತ್ತಿನ ಅಗಲ

ಯಲ್ದೂರಿನ ಹತ್ತಿರ ನಮ್ಮ ಮಾವಿನ ತೋಟದಲ್ಲಿ ಒಂದು ಹಳೆಯ ಕಲ್ಲುಬಾವಿ ಇದೆ. ಸರಿಯಾದ ಚೌಕ, ಒಂದು ಪುಟ್ಟ ಮನೆ ಒಳಗೆ ಇಳಿದು ಕೂರುವಷ್ಟು ಅಗಲ. ಕೊಳವೆಬಾವಿ ಬಂದಮೇಲೆ ಅದರ ಕಡೆ ಯಾರೂ ಹೋಗುತ್ತಿರಲಿಲ್ಲ. ಈಚೆಗೆ ಕೆರೆ ತುಂಬಿ, ಬಾವಿಯ ತಳದಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು. ಅದನ್ನು ಮೊದಲು ನೋಡಿದವಳು ನನ್ನ ಹೆಂಡತಿ. ಆಮೇಲೆ ಅವಳಿಗೆ ಬೇರೇನೂ ಬೇಡವಾಯಿತು.

ಅವಳು ಚಿತ್ರ ಬರೆಯುತ್ತಾಳೆ. ಮರ, ಮನುಷ್ಯ, ದೇವರು ಯಾವುದೂ ಇಲ್ಲದ ಚಿತ್ರಗಳು. ನಾನು ಬಿ.ಎಸ್‌ಸಿ. ಓದಿ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದವನು. ಚಿತ್ರದ ವಿಷಯ ನನಗೆ ಗೊತ್ತಿರುವುದೆಲ್ಲ ಮದುವೆಯ ಮೇಲೆ ಕಲಿತದ್ದು. ಯೂರೋಪಿನ ಹೊಸ ಕಲೆಗಾರರು ಕಾಣುವ ವಸ್ತುಗಳನ್ನೆಲ್ಲ ಒರೆಸುತ್ತ ಒರೆಸುತ್ತ ಕೊನೆಗೆ ಬರೀ ಚೌಕ, ಬರೀ ಗೆರೆಗೆ ಬಂದು ನಿಂತರಂತೆ. ನಮ್ಮ ವಚನಕಾರರು ಬಯಲು ಎಂದರು, ಶೂನ್ಯ ಎಂದರು, ಅದಕ್ಕೆ ಗೋಡೆ ಕಟ್ಟಲಿಲ್ಲ.

"ಅವರ ಚೌಕದೊಳಗೆ ನಮ್ಮ ಬಯಲು ಕೂರುತ್ತಾ ಅಂತ ನೋಡ್ಬೇಕು ರೀ," ಎಂದು ಅವಳು ದೊಡ್ಡ ಕ್ಯಾನ್ವಾಸು ಬಿಗಿದಳು. ಅದಕ್ಕೇ ದಿನಾ ಬಾವಿಯ ಹತ್ತಿರ ಹೋಗಿ ಕೂರುತ್ತಿದ್ದಳು.

ಪಕ್ಕದ ತೋಟದ ಅತ್ತೆ ಹಸು ಮೇಯಿಸುತ್ತ ಅಲ್ಲಿಗೆ ಬರುತ್ತಿದ್ದಳು. ನಮಗೆ ನೆಂಟಳಲ್ಲ, ಊರಿಗೆಲ್ಲ ಅತ್ತೆ. ತೆಲುಗು ಬೆರೆಸಿ ಮಾತಾಡುವ ಅವಳಿಗೆ ಹೆಣ್ಣುಮಕ್ಕಳೆಲ್ಲ 'ತಲ್ಲಿ', ಅಂದರೆ ತಾಯಿ.

"ಏಮ್ ತಲ್ಲೀ, ಓಲೆ ಬೀಳಿಸ್ಕೊಂಡ್ಯಾ? ದಿನಾ ಹಂಗೆ ಬಗ್ಗಿ ನೋಡ್ತೀಯ?"

"ಏನೂ ಬಿದ್ದಿಲ್ಲ ಅತ್ತೆ. ಆ ಏನೂ ಇಲ್ಲದ್ದನ್ನೇ ನೋಡ್ತಿದ್ದೀನಿ."

"ಹಂಗಾದ್ರೆ ನಮ್ಮನೆ ರಾಗಿ ಡ್ರಮ್ಮು ನೋಡು ಬಾ. ಅದ್ರಲ್ಲೂ ಏನೂ ಇಲ್ಲ."

ಹಿಂದೆ ಎತ್ತು ಕಟ್ಟಿ ನೀರೆತ್ತುವಾಗ ಹಾಕಿದ್ದ ಕಲ್ಲಿನ ಚಪ್ಪಡಿಯೊಂದು ಬಾವಿಯ ಮೇಲೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಕೂತರೆ ನಾಲ್ಕು ಗೋಡೆಗಳೂ ಸಮನಾಗಿ ಕಾಣುತ್ತವೆ ಎಂದು ಅವಳು ಅಲ್ಲೇ ಕೂರುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದೆ. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು. ಆಗ ಕಲ್ಲು ತಲೆ ಬಾಗಿಸಿತು. ಹಾಗೆಯೇ ಹೇಳಬೇಕು, ಬೇರೆ ಮಾತು ಇಲ್ಲ. ಕಲ್ಲು ಬಾಗಿ ನಿಂತಿತು, ಅದರ ಮೇಲೆ ಅವಳಿರಲಿಲ್ಲ.

ಆಮೇಲೆ ಸದ್ದಿಲ್ಲ. ಹಕ್ಕಿಯ ಸದ್ದೂ ಇದ್ದ ನೆನಪಿಲ್ಲ. ಆಮೇಲೆ ಕೆಳಗೆ ನೀರಿಗೆ ಏನೋ ಬಿದ್ದ ಸದ್ದು. ಅದು ಅವಳೇ ಎಂದುಕೊಂಡೆ.

"ರೀ! ಬಣ್ಣದ ಡಬ್ಬಿ ಬಿತ್ತು!"

ಓಡಿ ಬಗ್ಗಿದರೆ, ಹಳೆಯ ಪಂಪಿನ ಕಬ್ಬಿಣದ ಪೈಪನ್ನು ತಬ್ಬಿ, ಗೋಡೆಯಿಂದ ಚಾಚಿದ ಮೆಟ್ಟಿಲುಗಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ನನ್ನ ಕೂಗಿಗೆ ಅತ್ತೆ ಹಸುವಿನ ಹಗ್ಗ ಬಿಚ್ಚಿಕೊಂಡು ಬಂದಳು. ಒಂದು ತುದಿಯನ್ನು ಮಾವಿನ ಮರಕ್ಕೆ ಸುತ್ತಿ ಇನ್ನೊಂದನ್ನು ಕೆಳಗೆ ಬಿಟ್ಟೆವು.

"ಡಬ್ಬಿ ಹಾಳಾಗೋಗ್ಲಿ! ಸೊಂಟಕ್ಕೆ ಕಟ್ಕೊಳೇ ಮೊದ್ಲು, ಹುಚ್ಚು ತಲ್ಲಿ!"

ಇಬ್ಬರೂ ಎಳೆದೆವು. ಮೊಣಕೈ ತರಚಿದ್ದು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. ಟೀ ಕೂಡ ಬಿಸಿಯಾಗೇ ಇತ್ತು, ಮೂವರೂ ಕುಡಿದೆವು.

ನಾನು ಬಾವಿಯ ಸುತ್ತ ಮುಳ್ಳುಬೇಲಿ ಹಾಕಿಸಿದೆ. ಅವಳು ಕ್ಯಾನ್ವಾಸನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ನಡುವಿನ ಕಪ್ಪು ಚೌಕವಷ್ಟೇ ಆಗಿತ್ತು. "ಫೋಟೋ ನೋಡಿ ಬರಿಯೋದಲ್ಲ ಇದು. ಇದು ಮುಗೀದೆ ಇನ್ನೊಂದಕ್ಕೆ ಕೈ ಏಳಲ್ಲ," ಎಂದಳು. ಕುಂಚಗಳು ಒಣಗಿದವು. ಬಣ್ಣದ ವಾಸನೆಯಿಲ್ಲದ ಮನೆ ಬೇರೆ ಯಾರದೋ ಅನ್ನಿಸುತ್ತಿತ್ತು. ಆದರೂ ಬಾವಿಗೆ ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಕಾರ್ಖಾನೆಯಲ್ಲಿ ಒಂದು ಬೋಲ್ಟು ಬಿದ್ದ ಸದ್ದಾದರೂ ನಾನು ಮನಸ್ಸಿನಲ್ಲಿ ಮತ್ತೆ ಬಾವಿಯ ಮುಂದೆ ನಿಂತಿರುತ್ತಿದ್ದೆ, ಕೈಯಲ್ಲಿ ಫ್ಲಾಸ್ಕು.

ಒಂದು ಸಂಜೆ ಅವರೆಕಾಯಿ ಸುಲಿಯುವಾಗ ಚಮಚ ಕೆಳಗೆ ಬಿತ್ತು. ನನ್ನ ಕೈ ನಿಂತದ್ದನ್ನು ಅವಳು ನೋಡಿದಳು.

"ಮತ್ತೆ ಬಾವಿಗೆ ಹೋದ್ರಾ?"

"ಹೂಂ."

"ಚೆನ್ನಾಗಿದೆ ಕಣ್ರೀ! ನನಗೆ ಬೇಲಿ, ನೀವು ಮಾತ್ರ ದಿನಾ ಹೋಗಿ ಬರ್ತೀರ. ಅಲ್ಲೇನಿದೆ ಹೇಳಿ, ನಾನೂ ಕೇಳ್ತೀನಿ."

ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕಲ್ಲು ಬಾಗಿದ್ದು, ನೀರು ಕಪ್ಪಲ್ಲ, ಒಳಗಿನಿಂದ ಹಸಿರಾಗಿ ಕಂಡದ್ದು, ಎಲ್ಲ ಹೇಳಿದೆ. ಸದ್ದಿಲ್ಲದ ಆ ಹೊತ್ತನ್ನೂ ಹೇಳಿದೆ.

ಅವಳು ಅವರೆಕಾಯಿ ಪಕ್ಕಕ್ಕೆ ಸರಿಸಿದಳು. "ಅದು ಎಷ್ಟು ಅಗಲ ಇತ್ತು?"

ಹೊತ್ತಿಗೆ ಅಗಲ ಎಲ್ಲಿಂದ ಬರುತ್ತದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎರಡೂ ಕೈ ಎತ್ತಿ, ಇಷ್ಟು, ಎಂದು ತೋರಿಸಿದೆ. ಅವಳು ಹಾಗೇ ಹಿಡ್ಕೊಂಡಿರಿ ಎಂದು ಎದ್ದು, ಕ್ಯಾನ್ವಾಸು ತಿರುಗಿಸಿ ತಂದು, ನನ್ನ ಅಂಗೈಗಳ ನಡುವಿನ ಜಾಗವನ್ನು ಚೌಕದ ಪಕ್ಕದಲ್ಲಿ ಗುರುತು ಮಾಡಿದಳು. ಕಪ್ಪಿನ ಮೇಲೆ ತೆಳುವಾಗಿ ಹಸಿರು ಹತ್ತಿತು. ಗುರುತು ಮಾಡಿದ ಆ ಪಟ್ಟಿಯಲ್ಲಿ ಅವಳು ಏನನ್ನೂ ಬಳಿಯಲಿಲ್ಲ. ಬರೀ ಬಟ್ಟೆಯನ್ನೇ ಬಿಟ್ಟಳು. ಆಚೆ ಅಂಚಿಗೆ ನಮ್ಮ ತೋಟದ ಕೆಮ್ಮಣ್ಣು ಕಲಸಿದ ಬಣ್ಣ.

ಈಗ ಅದು ನಮ್ಮ ನಡುಮನೆಯಲ್ಲಿದೆ. ಬಾವಿ ನನ್ನನ್ನು ಈಗಲೂ ಕರೆಯುತ್ತದೆ, ಆದರೆ ಹೋದಾಗ ಆ ಪಟ್ಟಿಯ ಆಚೆ ದಡದಲ್ಲಿ ಕೆಮ್ಮಣ್ಣು ಕಾಣುತ್ತದೆ.

ಹಾಲು ತಂದ ಅತ್ತೆ ಬಹಳ ಹೊತ್ತು ನೋಡಿದಳು.

"ಎಲ್ಲಾ ಬಳಿದು ಇಲ್ಯಾಕೆ ಬಿಟ್ಟಿದ್ದೀಯ ತಲ್ಲೀ? ಬಣ್ಣ ಸಾಲ್ದೇ ಬಂತಾ?"

"ಅಷ್ಟು ನಾನು ಬರೆದದ್ದಲ್ಲ ಅತ್ತೆ," ಅವಳು ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. "ಇವರು ಬರೆದದ್ದು."