ಬಿಸಿಲೇರುವ ಮೊದಲು ಯಲ್ಲಾಪುರ

ಲಾರಿ ಹತ್ತುವ ಮೊದಲು ನಾನು ಶಿರಸಿ ಪೇಟೆಯಲ್ಲಿ ಬಳೆ ಮಾರುತ್ತಿದ್ದೆ. ಅಂಗಡಿ ಅಣ್ಣನದು. ಕೂತು ಕೂತು ನನಗೆ ಬೊಜ್ಜು ಬಂದಿತ್ತೇ ಹೊರತು ಬೇರೇನೂ ಬಂದಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಮಾಮು, ಅಂದರೆ ಅಮ್ಮನ ತಮ್ಮ, ಮೊಣಕಾಲು ನೋವಿನಿಂದ ಕ್ಲಚ್ ತುಳಿಯಲಾರದೆ ಮನೆಯಲ್ಲಿ ಕೂತರು. ಅವರ ಲಾರಿ ಅಂಗಳದಲ್ಲಿ ನಿಂತು ಕೋಳಿಗಳಿಗೆ ನೆರಳು ಕೊಡುತ್ತಿತ್ತು. "ಹೆವಿ ಲೈಸೆನ್ಸ್ ಮಾಡಿಸಿಟ್ಟಿದ್ದು ಗೋಡೆಗೆ ತೂಗುಹಾಕಲಿಕ್ಕಾ? ಹತ್ತು ಮೇಲೆ" ಎಂದರು ಒಂದು ಬೆಳಿಗ್ಗೆ. ಹತ್ತಿದೆ.

ಹತ್ತಿದ್ದು ಚಳಿಗಾಲದಲ್ಲಿ. ಅದೇ ಎಡವಟ್ಟಾಗಿದ್ದು. ಶಿರಸಿಯಲ್ಲೇ ಹುಟ್ಟಿ ಬೆಳೆದರೂ ಬೆಳಗಿನ ಮಂಜು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಕಂಬಳಿಯೊಳಗೆ ಇರುತ್ತಿದ್ದೆ. ಈಗ ಅದು ನೇರ ಗಾಜಿನ ಮೇಲೆ ಬಂದು ಕೂರುತ್ತಿತ್ತು. ಒಳಗಿನಿಂದ ನನ್ನ ಉಸಿರಿನ ಹಬೆ, ಹೊರಗಿನಿಂದ ಮಂಜು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಗಾಜು ಒರೆಸಲು ಹಳೇ ಬನಿಯನ್. ತಿರುವಿನಲ್ಲಿ ಎದುರಿಗೆ ಬಂದದ್ದು ಬಸ್ಸೋ ಎಮ್ಮೆಯೋ ಎಂದು ತಿಳಿಯುವಷ್ಟರಲ್ಲಿ ಅದು ಪಕ್ಕದಲ್ಲಿ ದಾಟಿ ಹೋಗಿರುತ್ತಿತ್ತು. ಇಟ್ಟಿಗೆ, ಹಿಂಡಿ, ಪ್ಲೈವುಡ್ ಎಂದು ಒಂದಿಷ್ಟು ದಿನ ತಿರುಗಿದ ಮೇಲೆ, ಬಳೆ ಅಂಗಡಿಯ ಸ್ಟೂಲು ಎಷ್ಟು ಮೆತ್ತಗಿತ್ತು ಅಂತ ನೆನಪಾಗತೊಡಗಿತು. ಅಣ್ಣನಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದಾಗಲೇ ಆ ಬಾಡಿಗೆ ಬಂದಿದ್ದು.

"ಸಿದ್ದಾಪುರದ ಹತ್ತಿರ ಒಂದು ಮನೆಯಿಂದ ಪೆಟ್ಟಿಗೆ ತುಂಬಿಕೊಂಡು ಯಲ್ಲಾಪುರದ ಆಚೆ ಇಳಿಸಬೇಕು. ಹಗುರದ ಲೋಡು" ಎಂದಷ್ಟೇ ಹೇಳಿದರು ಮಾಮು.

ಕತ್ತಲು ಹರಿಯುವ ಮೊದಲೇ ಆ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಸ್ವೆಟರಿನ ಮೇಲೆ ಶಾಲು, ಅದರ ಮೇಲೆ ಗಂಡನದೇ ಇರಬೇಕು ಎನಿಸುವ ದೊಡ್ಡ ಕೋಟು ತೊಟ್ಟ ಒಬ್ಬ ಹೆಂಗಸು ಟಾರ್ಚ್ ಹಿಡಿದು ನಿಂತಿದ್ದರು. ಐವತ್ತು ದಾಟಿದ ವಯಸ್ಸು. ಸಾಲಾಗಿ ಇಟ್ಟಿದ್ದ ಮರದ ಪೆಟ್ಟಿಗೆಗಳನ್ನು ಆಳುಗಳು ಮಗುವನ್ನು ಎತ್ತುವ ಹಾಗೆ ಎತ್ತಿ ತುಂಬಿದರು. ನಾನೂ ಕೈ ಹಾಕಿದೆ. ಪೆಟ್ಟಿಗೆ ಗುಂಯ್ ಎಂದಿತು.

"ಇದರಲ್ಲಿ ಏನಿದೆ ಅಮ್ಮಾ?"

"ಜೇನು. ನಿನ್ನ ಮಾಮು ಹೇಳಲಿಲ್ವಾ?"

ಹೇಳಿರಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲ ಎಂದು ಮಾಮುಗೆ ಗೊತ್ತಿತ್ತು.

ಆ ಜೇನಿನ ಅಮ್ಮ ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತರು, ತೊಡೆಯ ಮೇಲೆ ಒಂದು ಪೆಟ್ಟಿಗೆ ಬೇರೆ. ಅದರೊಳಗಿನ ಹುಳುಗಳು ಸ್ವಲ್ಪ ನಿಶ್ಶಕ್ತ, ಹಿಂದೆ ಇಟ್ಟರೆ ಕುಲುಕಾಟ ತಡೆಯುವುದಿಲ್ಲ ಎಂದರು. ಯಲ್ಲಾಪುರದ ಆಚೆ ಕಾಡಿನಲ್ಲಿ ಹೂವು ಬಂದಿದೆ, ಇಲ್ಲಿ ಮುಗಿಯಿತು, ಅದಕ್ಕೇ ಈ ಸಾಗಾಟ. ಅವರ ಗಂಡನಿಗೆ ಒಂದು ಹುಳು ಕಚ್ಚಿದರೂ ಮುಖ ಕುಂಬಳಕಾಯಿಯಾಗುತ್ತದಂತೆ. ಹಾಗಾಗಿ ಅವರು ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಾರೆ, ಇವರು ವರ್ಷವರ್ಷವೂ ಲಾರಿ ಹತ್ತುತ್ತಾರೆ.

"ಚಳಿ ಇರೋ ತನಕ ಇವು ಒಳಗೆ ಮುದುಡಿಕೊಂಡಿರ್ತಾವೆ. ಬಾಗಿಲು ಮುಚ್ಚಿದ ಪೆಟ್ಟಿಗೆಗೆ ಬಿಸಿಲು ಬಿತ್ತೋ, ಒಳಗೇ ಬೆಂದು ಹೋಗ್ತಾವೆ. ಬಿಸಿಲೇರುವ ಮೊದಲು ತಲುಪಬೇಕು ತಮ್ಮಾ. ಆದರೆ ನಿಧಾನ ಹೋಗು."

ಬೇಗ ತಲುಪಬೇಕು, ನಿಧಾನ ಹೋಗಬೇಕು. ನಾನು ಹೂಂ ಎಂದೆ.

ಶಿರಸಿ ದಾಟುವಾಗ ಪೇಟೆ ಇನ್ನೂ ಎದ್ದಿರಲಿಲ್ಲ. ಯಲ್ಲಾಪುರದ ರಸ್ತೆ ಹಿಡಿದ ಮೇಲೆ ಮಂಜು ಇನ್ನಷ್ಟು ದಟ್ಟವಾಯಿತು. ಜೀವಮಾನದಲ್ಲೇ ಮೊದಲ ಸಲ ನಾನು ಮಂಜನ್ನು ನೋಡಿ ಖುಷಿಪಟ್ಟೆ. ಇದು ಹೀಗೇ ಇರಲಿ ದೇವರೇ ಎಂದುಕೊಂಡು, ಹೊಂಡ ಕಂಡಲ್ಲೆಲ್ಲ ಗಾಡಿಯನ್ನು ತೊಟ್ಟಿಲಿನ ಹಾಗೆ ಇಳಿಸಿ ಹತ್ತಿಸುತ್ತಾ ಹೋದೆ. ಅಮ್ಮ ಒಮ್ಮೆ "ಅಡ್ಡಿಲ್ಲೆ" ಎಂದರು. ಲಾರಿ ಹತ್ತಿದ ಮೇಲೆ ನನಗೆ ಸಿಕ್ಕ ಮೊದಲ ಶಭಾಸ್‌ಗಿರಿ ಅದು.

ಉಮ್ಮಚಗಿ ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ ಮುಂದೆ ಕೆಂಪು ದೀಪಗಳ ಸಾಲು ಕಂಡಿತು. ಇಳಿದು ನೋಡಿದರೆ ದಿಮ್ಮಿ ಹೊತ್ತ ಒಂದು ಲಾರಿ ತಿರುವಿನಲ್ಲಿ ಮಗ್ಗುಲಾಗಿ ಮಲಗಿದೆ. ಡ್ರೈವರ್ ಪಕ್ಕದ ಮೋರಿಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ, ಅವನಿಗೇನೂ ಆಗಿರಲಿಲ್ಲ. ರಸ್ತೆಗೆ ಮಾತ್ರ ಆಗಿತ್ತು. ಈ ಅಂಚಿನಿಂದ ಆ ಅಂಚಿಗೆ ದಿಮ್ಮಿಗಳು. ಯಲ್ಲಾಪುರದಿಂದ ಕ್ರೇನು ಬರಬೇಕು ಎಂದರು. ಹಿಂದಕ್ಕೆ ಹೋಗೋಣ ಎಂದರೆ ಅಷ್ಟರಲ್ಲೇ ನಮ್ಮ ಹಿಂದೆ ಒಂದು ಬಸ್ಸು, ಅದರ ಹಿಂದೆ ಟ್ಯಾಂಕರು, ಕಾರುಗಳು.

ನಿಂತೆವು. ಮರಗಳ ತುದಿ ಮೊದಲು ಬಂಗಾರದ ಬಣ್ಣಕ್ಕೆ ತಿರುಗಿತು. ಆಮೇಲೆ ಮಂಜು ಹರಿದು ಹರಿದು ಎಲೆಗಳ ನಡುವೆ ಎದ್ದು ಹೋಗತೊಡಗಿತು. ಬೇರೆ ದಿನವಾದರೆ ಚಂದ ಎನ್ನುತ್ತಿದ್ದೆ. ಹಿಂದಿನಿಂದ ಬರುತ್ತಿದ್ದ ಗುಂಯ್ ಸದ್ದು ದಪ್ಪವಾಯಿತು. ಅಮ್ಮ ಇಳಿದು ಒಂದು ಪೆಟ್ಟಿಗೆಗೆ ಅಂಗೈ ಒತ್ತಿ ನೋಡಿದರು. ನನ್ನ ಜೊತೆ ಹೆಚ್ಚಾಗಿ ಪೇಟೆಯ ಕನ್ನಡ ಮಾತಾಡುತ್ತಿದ್ದವರು ಗಾಬರಿಯಲ್ಲಿ ಮನೆಮಾತಿಗೆ ಜಾರಿದರು.

"ಆಗ್ತಿಲ್ಲೆ ತಮ್ಮಾ. ಇಲ್ಲೇ ಇಳಿಸವು."

"ಇಲ್ಲಿಯಾ? ಈ ರಸ್ತೆಯಲ್ಲಿಯಾ?"

"ಮತ್ತೆಂತ ಮಾಡ್ತೆ? ಅಲ್ಲಿ ನೋಡು, ಮರದ ಬುಡದಲ್ಲಿ ಜಾಗ ಇದ್ದು. ಇಳಿಸಿ ಬಾಗಿಲು ತೆಗೆದುಬಿಡನ. ಜೀವ ಉಳಿದ್ರೆ ಸಾಕು."

ರಸ್ತೆಯಿಂದ ತುಸು ಒಳಗೆ ನೆರಳಿನ ಜಾಗವೇನೋ ಇತ್ತು. ಆದರೆ ಆಳುಗಳು ಮನೆಯಲ್ಲೇ ಉಳಿದಿದ್ದರು, ನಾವಿಬ್ಬರೇ ಐವತ್ತಕ್ಕೂ ಹೆಚ್ಚು ಪೆಟ್ಟಿಗೆ ಹೊರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ನಾನು ಬಸ್ಸಿನ ಹತ್ತಿರ ಓಡಿ ಕಂಡಕ್ಟರ್‌ಗೆ ವಿಷಯ ಹೇಳಿದೆ. ಹುಬ್ಬಳ್ಳಿ ಕಡೆಯ ಮನುಷ್ಯ, ಮಫ್ಲರಿನೊಳಗಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. "ಜೇನಾ? ಕಡಿಯಾಂಗಿಲ್ಲೇನು?" ಎಂದ. ಬಾಗಿಲು ಮುಚ್ಚಿದೆ ಎಂದೆ. ಆತ ಬಸ್ಸಿಗೆ ಹತ್ತಿ ಸೀಟಿ ಊದಿದ. "ಏಳ್ರಿ ಏಳ್ರಿ, ಕುಂತು ಏನ್ ಮಾಡ್ತೀರಿ, ಇಳೀರಿ! ಮೆಲ್ಲಕ ಹಿಡೀರಿ, ಕೆಳಗ ಬೀಳಿಸಿದವರಿಗೆ ಟಿಕೆಟ್ ಡಬಲ್!"

ಜನ ನಗುತ್ತಲೇ ಇಳಿದರು. ಲಾರಿಯಿಂದ ಮರದ ಬುಡದವರೆಗೆ ಒಂದು ಸಾಲಾಯಿತು. ಮದುವೆಗೆ ಹೊರಟ ರೇಷ್ಮೆ ಸೀರೆಯವರು, ಕಾಲೇಜಿನ ಹುಡುಗಿಯರು, ಚಹಾ ಮುಗಿಸಿದ ದಿಮ್ಮಿ ಲಾರಿಯ ಡ್ರೈವರ್, ಎಲ್ಲರೂ ಕೈಯಿಂದ ಕೈಗೆ ಪೆಟ್ಟಿಗೆ ದಾಟಿಸಿದರು. ನಾನು ಲಾರಿಯ ಮೇಲೆ ನಿಂತು ಕೊಡುತ್ತಿದ್ದೆ. ಚಳಿಗೆ ಮರಗಟ್ಟಿದ್ದ ಬೆರಳಿಗೆ ಪೆಟ್ಟಿಗೆಯ ಬಿಸಿ ತಾಗುತ್ತಿತ್ತು. ಕೊನೆಯದು ಇಳಿದ ಮೇಲೆ ಅಮ್ಮ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ, ಕಿಟಕಿ ಹಾಕಿಸಿ, ಒಂದೊಂದಾಗಿ ಬಾಗಿಲಿನ ಜಾಲರಿ ತೆಗೆದರು. ಹುಳುಗಳು ಹೊರಗೆ ಬಂದು, ಒಂದು ಗಳಿಗೆ ಪೆಟ್ಟಿಗೆಯ ಮುಂದೆಯೇ ತೂಗಾಡಿ, ಗುರುತು ಹಿಡಿದುಕೊಂಡು ಮೇಲಕ್ಕೆ ಎದ್ದವು. ಬಿಸಿಲಿನ ಕೋಲುಗಳಲ್ಲಿ ಹೊಳೆಯುತ್ತಾ ಕಾಡಿನೊಳಗೆ ಚದುರಿದವು. ಬಸ್ಸಿನ ಗಾಜುಗಳ ಹಿಂದೆ ಅಷ್ಟೂ ಮುಖಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದವು. ಒಂದು ಹುಳು ಮಾತ್ರ ನನ್ನ ಕಿವಿಗೆ ಕಚ್ಚಿತು. ಅಮ್ಮ ಉಗುರಿನಿಂದ ಮುಳ್ಳು ಕೆರೆದು ತೆಗೆದು, "ಮುಗಿತು, ಇನ್ನು ಹೆದರಿಕೆ ಇಲ್ಲೆ" ಎಂದರು.

ಮಧ್ಯಾಹ್ನದ ಹೊತ್ತಿಗೆ ಕ್ರೇನು ಬಂತು, ರಸ್ತೆ ತೆರವಾಯಿತು. ಕಂಡಕ್ಟರ್ ಕೈ ಬೀಸಿದ, ಎಲ್ಲರೂ ಹಾರ್ನ್ ಹಾಕುತ್ತಾ ಹೋದರು. ನಾವು ಹೋಗುವ ಹಾಗಿರಲಿಲ್ಲ. ಹುಳುಗಳು ಸಂಜೆಗೇ ಮನೆಗೆ ಬರುವುದು. ಮಾಮು ಫೋನ್ ಮಾಡಿ ಬೈದರು.

"ರಸ್ತೆ ಖುಲ್ಲಾ ಆಯ್ತಲ್ಲ, ಇನ್ನೂ ಯಾಕೆ ನಿಂತಿದ್ದೀಯಾ?"

"ಮಾಮು, ಪ್ಯಾಸೆಂಜರ್‌ಗಳೆಲ್ಲ ತಿರುಗಾಡಲಿಕ್ಕೆ ಹೋಗಿದ್ದಾರೆ."

ಆ ಕಡೆಯಿಂದ ಜೋರು ನಗು.

ಆ ಮಧ್ಯಾಹ್ನದಂಥ ಮಧ್ಯಾಹ್ನ ನನಗೆ ಅಂಗಡಿಯಲ್ಲಿ ಒಂದೂ ಸಿಕ್ಕಿರಲಿಲ್ಲ. ಅಮ್ಮ ಬುತ್ತಿ ಬಿಚ್ಚಿದರು. ಅವರ ಗಂಡ ಕಟ್ಟಿಕೊಟ್ಟ ಅವಲಕ್ಕಿ, ಉಪ್ಪಿನಕಾಯಿ, ಮೊಸರು. ನನ್ನ ಡಬ್ಬಿಯ ರೊಟ್ಟಿ, ಹೆಸರುಕಾಳಿನ ಪಲ್ಯವನ್ನೂ ಸೇರಿಸಿ ಇಬ್ಬರೂ ಹಂಚಿ ತಿಂದೆವು. ಊಟವಾದ ಮೇಲೆ ನನ್ನನ್ನು ಕರೆದು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಸಾಲಾಗಿ ನಿಂತ ಮೇಣದ ತಟ್ಟಿಗಳನ್ನು ತೋರಿಸಿದರು. ಅವರ ತವರಿನ ಅಣ್ಣ ಮೊದಲ ಪೆಟ್ಟಿಗೆ ಕೊಟ್ಟಾಗ ಅವರೂ ಹೆದರಿ ಮಂಚದ ಕೆಳಗೆ ಅಡಗಿದ್ದರಂತೆ. ನಾನು ಲಾರಿ ಬಿಡುವ ಯೋಚನೆಯಲ್ಲಿದ್ದೇನೆ ಎಂದೆ, ಯಾಕೋ ಅವರ ಹತ್ತಿರ ಹೇಳಬೇಕೆನಿಸಿತು.

"ಯಾಕೆ?"

"ಮಂಜಿನಲ್ಲಿ ಹೆದರಿಕೆ ಆಗ್ತದೆ ಅಮ್ಮಾ."

"ಹೆದರಿಕೆ ಇರೋ ಡ್ರೈವರೇ ನನಗೆ ಬೇಕು" ಎಂದರು. "ಹಿಂದಿನ ವರ್ಷ ಬಂದವನಿಗೆ ಹೆದರಿಕೆಯೇ ಇರಲಿಲ್ಲ. ಯಲ್ಲಾಪುರ ಮುಟ್ಟುವುದರೊಳಗೆ ನನ್ನ ಅರ್ಧ ತಟ್ಟಿ ಮುರಿದಿತ್ತು."

ಬಿಸಿಲು ಇಳಿಯುತ್ತಲೇ ಚಳಿ ಹತ್ತಿತು. ಹುಳುಗಳು ಒಂದೊಂದೇ ಬಂದು ಒಳಗೆ ಸೇರಿಕೊಂಡವು. ಬಾಗಿಲಲ್ಲೇ ಗುಂಪಾಗಿ ಕೂತವನ್ನು ಅಮ್ಮ ನವಿಲುಗರಿಯಿಂದ ಸವರಿ ಒಳಗೆ ಕಳಿಸಿದರು. ಕೆಲಸ ಮುಗಿಸಿ ಹೋಗುತ್ತಿದ್ದ ನಾಲ್ಕಾರು ಜನ ಗಾಡಿ ನಿಲ್ಲಿಸಿ ಪೆಟ್ಟಿಗೆ ಎತ್ತಿಕೊಟ್ಟರು. ಮುಸ್ಸಂಜೆಗೆ ಹೊರಟೆವು, ರಾತ್ರಿ ಊಟದ ಹೊತ್ತಿಗೆ ಯಲ್ಲಾಪುರ ದಾಟಿ ಆ ಕಾಡಂಚು ಮುಟ್ಟಿದೆವು. ಅಲ್ಲಿಯ ರೈತರು ಬೆಂಕಿ ಹಾಕಿಕೊಂಡು ಕಾದಿದ್ದರು. ಇಳಿಸಿ ಎಣಿಸಿದಾಗ ಒಂದು ಪೆಟ್ಟಿಗೆಯ ಹುಳುಗಳಷ್ಟೇ ಸೆಕೆಗೆ ಸತ್ತಿದ್ದವು. ಅಮ್ಮ ಆ ಪೆಟ್ಟಿಗೆಯ ಮುಂದೆ ಕೂತು ಸತ್ತವನ್ನು ನವಿಲುಗರಿಯಿಂದ ಒಂದೆಡೆ ಗುಡಿಸಿದರು. ನಾನು ಬೆಂಕಿಯ ಹತ್ತಿರ ಕರೆಯಲಿಲ್ಲ. ತಾವಾಗಿಯೇ ಎದ್ದು ಬಂದರು.

ಅಮ್ಮ ಹುಳುಗಳ ಜೊತೆ ಅಲ್ಲೇ ಉಳಿದರು, ನಾನು ಬೆಳಿಗ್ಗೆ ಖಾಲಿ ಲಾರಿ ತೆಗೆದುಕೊಂಡು ಯಲ್ಲಾಪುರ ಪೇಟೆಗೆ ಬಂದೆ. ಹೆದ್ದಾರಿಯ ಪಕ್ಕದ ಚಹಾ ಅಂಗಡಿಯಲ್ಲಿ ಡ್ರೈವರ್‌ಗಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅಂಕೋಲೆಯ ಕಡೆಯಿಂದ ಬಂದವನೊಬ್ಬ, ಘಟ್ಟದಲ್ಲಿ ಏನೂ ಕಾಣಿಸುತ್ತಿಲ್ಲ, ತಾನು ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಓಡಿಸಿದ್ದು ಎಂದ. ನಾನೂ ಹಾಗೇ ಮಾಡುವುದು ಎಂದೆ. ಅವನು ಸರಿದು ನನಗೆ ನಿಲ್ಲಲು ಜಾಗ ಕೊಟ್ಟ.

ಆ ದಿನವೇ ಶಿರಸಿಗೆ ಹೋಗುವ ಒಂದು ಲೋಡು ಸಿಕ್ಕಿತು. ಅಣ್ಣನಿಗೆ ಹೇಳಲೆಂದು ಜೋಡಿಸಿದ್ದ ಮಾತನ್ನು ಅಲ್ಲೇ ಬಿಟ್ಟು, ತುಂಬಿಕೊಂಡು ಹೊರಟೆ.