ಗೋಧಿ ಒಗ್ಗದ ಹುಡುಗಿಯ ಮೊದಲ ಪರಮಪ್ರಸಾದ

೨೦೦೬ರಲ್ಲಿ ನಾನು ಅಂಕೋಲಾ ಕಡೆಯ ನಮ್ಮ ಚಿಕ್ಕ ಇಗರ್ಜಿಯಲ್ಲಿ ಧರ್ಮೋಪದೇಶದ ಶಿಕ್ಷಕಿಯಾಗಿದ್ದೆ. ವಾರವಿಡೀ ಅವರ್ಸಾ ಊರಿನ ಮನೆಯಲ್ಲಿ ಒಲೆ, ಬಟ್ಟೆ, ಮೀನು, ಮಕ್ಕಳು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಊರವರ ಮಕ್ಕಳು. ಆ ಕೆಲಸಕ್ಕೆ ಯಾರೂ ನನ್ನನ್ನು ಪರೀಕ್ಷೆ ಮಾಡಿ ತೆಗೆದುಕೊಂಡಿರಲಿಲ್ಲ. ಹಿಂದಿನ ಶಿಕ್ಷಕಿ ಮದುವೆಯಾಗಿ ಹೋದಳು, ಫಾದರ್ ನನ್ನತ್ತ ನೋಡಿದರು, ಅಷ್ಟೇ.

ನನ್ನದು ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವ ಮಕ್ಕಳ ತರಗತಿ. ಬಲಿಪೂಜೆಯಲ್ಲಿ ಗುರುಗಳು ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸ ಯೇಸುವಿನ ಶರೀರ ಮತ್ತು ರಕ್ತವಾಗುತ್ತವೆ ಎಂಬುದು ನಮ್ಮ ನಂಬಿಕೆ. ಕಾಗದದಷ್ಟು ತೆಳ್ಳಗಿನ ಆ ಬಿಳಿ ರೊಟ್ಟಿಗೆ ನಾವು ಓಸ್ತಿ ಅನ್ನುತ್ತೇವೆ. ಎಂಟು-ಒಂಬತ್ತು ವಯಸ್ಸಿಗೆ ಮಕ್ಕಳು ಅದನ್ನು ಮೊದಲ ಸಲ ಸ್ವೀಕರಿಸುವ ದಿನವೆಂದರೆ ನಮ್ಮಲ್ಲಿ ಸಣ್ಣ ಮದುವೆಯೇ. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದಬತ್ತಿ.

ಆ ವರ್ಷ ನನ್ನ ತರಗತಿಯಲ್ಲಿ ರೀಮಾ ಇದ್ದಳು. ಚಿಕ್ಕಂದಿನಿಂದ ಹೊಟ್ಟೆನೋವು, ಭೇದಿ, ಕಡ್ಡಿಯಂಥ ಕೈಕಾಲು. ಕೊನೆಗೆ ಗೋವೆಯ ಡಾಕ್ಟರು ಕಾಯಿಲೆಗೆ ಹೆಸರು ಹೇಳಿದರು: ಸೀಲಿಯಾಕ್. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಶವಿರುತ್ತದೆ, ಈ ಕಾಯಿಲೆಯವರಿಗೆ ಅದು ಕರುಳನ್ನೇ ಕೆಡಿಸುತ್ತದೆ. ಪಾವು, ಬಿಸ್ಕತ್ತು, ಚಪಾತಿ ಎಲ್ಲ ಬಂದ್. ಒಂದು ಚೂರೂ ಆಗದು. ಅನ್ನ-ಮೀನು ತಿಂದೇ ಆ ಹುಡುಗಿಯ ಕೆನ್ನೆ ತುಂಬಿಕೊಂಡಿತ್ತು.

ಒಂದು ಭಾನುವಾರ ಅವಳ ತಾಯಿ ಜಾನೆಟ್ ತರಗತಿಯ ಬಾಗಿಲಿಗೆ ಬಂದಳು.

"ಅಕ್ಕೋರೇ, ಓಸ್ತಿ ಎಂತದ್ರಲ್ಲಿ ಮಾಡೂದು?"

"ಗೋಧಿ ಹಿಟ್ಟಲ್ಲಿ," ಎಂದೆ. ಅಂದ ಮೇಲೆಯೇ ನನಗೂ ಹೊಳೆದದ್ದು. ಜಾನೆಟ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅವಳ ಅತ್ತೆ ಮರ್ಸೆಲೀನ್ ಬಾಯಿಗೆ (ದೊಡ್ಡ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದೇ ಕರೆಯುವುದು) ಇದು ಸಮಸ್ಯೆಯಾಗಿಯೇ ಕಾಣಲಿಲ್ಲ. "ದೇವ್ರ ಪ್ರಸಾದ ಯಾರ ಹೊಟ್ಟೆಗಾದ್ರೂ ಕೆಟ್ಟದ್ದು ಮಾಡ್ತದ್ಯನೇ? ಡಾಕ್ಟ್ರ ಮೇಲಿರೂ ನಂಬ್ಗೆ ಯೇಸು ಮೇಲಿಲ್ಲ ನಿಮ್ಗೆ," ಎಂದು ಸೊಸೆಗೂ ನನಗೂ ಸೇರಿಸಿ ಬೈದರು. ಕೊಂಕಣಿಯಲ್ಲಿ ಸುರುಮಾಡಿ, ನೆರೆಯವರಿಗೂ ಅರ್ಥವಾಗಲೆಂದು ಕನ್ನಡದಲ್ಲಿ ಮುಗಿಸುವುದು ಅವರ ಪದ್ಧತಿ.

ರೀಮಾ ತರಗತಿಯಲ್ಲಿ ಎದ್ದು ನಿಂತು ಅದನ್ನೇ ಬೇರೆ ರೀತಿ ಕೇಳಿದಳು. "ಅಕ್ಕೋರೇ, ಓಸ್ತಿ ಯೇಸು ಆಗ್ತದೆ ಅಂದ್ರಿ. ಹಾಂಗಾರೆ ಅದ್ರಲ್ಲಿ ಗೋಧಿ ಎಲ್ಲಿ ಉಳೀತದೆ?"

ಉರು ಹೊಡೆಸಿದ ಪ್ರಶ್ನೋತ್ತರಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಫಾದರ್ ಹತ್ರ ಕೇಳಿ ಬತ್ತೆ," ಎಂದೆ.

ಆದರೆ ಫಾದರ್ ಬಳಿ ಹೋಗುವ ಮೊದಲು ನನಗೊಂದು ಉಪಾಯ ಹೊಳೆಯಿತು. ನಮ್ಮ ಕರಾವಳಿಯ ಹೆಂಗಸಿಗೇ ಹೊಳೆಯುವಂಥದ್ದು! ಅಕ್ಕಿ ನೆನೆಹಾಕಿ, ನುಣ್ಣಗೆ ರುಬ್ಬಿ, ಕಾವಲಿಯ ಮೇಲೆ ತೆಳ್ಳಗೆ ಹರಡಿ, ಔಷಧಿ ಬಾಟಲಿಯ ಮುಚ್ಚಳದಿಂದ ಗುಂಡಗೆ ಕತ್ತರಿಸಿದೆ. ಥೇಟ್ ಓಸ್ತಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಗುರುಗಳ ಮನೆಗೆ ಹೆಚ್ಚುಕಡಿಮೆ ಓಡಿದೆ.

ಫಾದರ್ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಚಹಾದಲ್ಲಿ ಅದ್ದಿ ತಿಂದರು.

"ಚೊಲೋ ಇದೆ ಬಾಯಿ. ಆದ್ರೆ ಪೂಜೆಗೆ ಆಗೂದಿಲ್ಲ. ಯೇಸು ಕಡೇ ಊಟದಲ್ಲಿ ಗೋಧಿ ರೊಟ್ಟಿ ಮುರಿದದ್ದು. ಗೋಧಿಯೇ ಆಗ್ಬೇಕು."

"ಯೇಸು ಕಾರವಾರದಲ್ಲಿ ಹುಟ್ಟಿದ್ರೆ?" ನನಗೆ ಸಿಟ್ಟು ಬಂದಿತ್ತು.

"ಗಂಜಿಯಲ್ಲೇ ಪೂಜೆ ಆಗ್ತಿತ್ತು, ಬದಿಗೆ ಒಣಮೀನು," ಎಂದು ನಕ್ಕರು. "ಹುಟ್ಟಲಿಲ್ಲ. ಎಂತ ಮಾಡೂದು?"

ಆಮೇಲೆ ಗಂಭೀರರಾಗಿ ರೀಮಾಳ ಪ್ರಶ್ನೆ ಬಿಡಿಸಿ ಹೇಳಿದರು. ಬದಲಾಗುವುದು ಒಳಗಿನ ಸತ್ವ. ಬಣ್ಣ, ರುಚಿ, ಗುಣ ಎಲ್ಲ ಗೋಧಿಯದೇ ಉಳಿಯುತ್ತದೆ. ಧರ್ಮಸಭೆ ಕಲಿಸುತ್ತ ಬಂದದ್ದು ಇದನ್ನೇ. "ನಾಲಿಗೆಗೆ ರೊಟ್ಟಿ ಆದದ್ದು ಕರುಳಿಗೂ ರೊಟ್ಟಿಯೇ. ಕರುಳಿಗೆ ನಂಬಿಕೆ ಇಲ್ಲ ಅಂತ ಬೈದು ಪ್ರಯೋಜ್ನ ಇಲ್ಲ." ಇನ್ನೊಂದು ಮಾತು ಹೇಳಿದಾಗಲಂತೂ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಓಸ್ತಿಯಲ್ಲಿ ಇರುವುದೂ ಪೂರ್ತಿ ಯೇಸು, ದ್ರಾಕ್ಷಾರಸದಲ್ಲಿ ಇರುವುದೂ ಪೂರ್ತಿ ಯೇಸು. ಧರ್ಮಾಧ್ಯಕ್ಷರು ಒಪ್ಪಿದರೆ ಹುಡುಗಿ ಪಾನಪಾತ್ರೆಯಿಂದ ಮಾತ್ರ ಸ್ವೀಕರಿಸಬಹುದು!

ಅಂದು ನಡೆದು ಬಂದೆನೋ ಹಾರಿ ಬಂದೆನೋ. ವರ್ಷಗಟ್ಟಲೆ ಗಿಳಿಪಾಠ ಮಾಡಿಸಿದ ಸಾಲುಗಳು ಒಂದು ಮಗುವಿನ ಹೊಟ್ಟೆ ಕಾಯಲು ಎದ್ದು ನಿಂತಂತೆ ಕಂಡವು. ಸ್ವಲ್ಪ ದಿನದಲ್ಲಿ ಧರ್ಮಾಧ್ಯಕ್ಷರಿಂದ ಅನುಮತಿಯೂ ಬಂತು.

ಅನುಮತಿ ಕೊಡದವರು ಮರ್ಸೆಲೀನ್ ಬಾಯಿ. ನಮ್ಮ ಇಗರ್ಜಿಯಲ್ಲಿ ಜನರಿಗೆ ಓಸ್ತಿ ಮಾತ್ರ ಕೊಡುವ ವಾಡಿಕೆ, ಪಾನಪಾತ್ರೆ ಗುರುಗಳದ್ದು. "ಹೆಣ್ಣು ಮಗೂಗೆ ವೈನ್ ಕುಡಿಸ್ತ್ರಿ? ಅದೂ ಅರ್ಧ ಪ್ರಸಾದ! ಎಲ್ಲ ಮಕ್ಕಳಿಗೆ ಇಡೀ ಯೇಸು, ನನ್ನ ಮೊಮ್ಮಗಳಿಗೆ ಅರ್ಧ?" ಮುದುಕಿಯ ಕಣ್ಣಲ್ಲಿ ನೀರಿತ್ತು. ಹಠದ ಹಿಂದೆ ಇಷ್ಟು ನೋವಿದೆಯೆಂದು ನನಗೆ ಗೊತ್ತಿರಲಿಲ್ಲ.

ನನಗೆ ಅವರ ಗಂಡನ ಕೊನೆಯ ದಿನ ನೆನಪಾಯಿತು. ನೆರೆಯವಳಾಗಿ ನಾನು ಅಲ್ಲೇ ಇದ್ದೆ. ಏನೂ ನುಂಗಲಾಗದ ಅವರಿಗೆ ಆಗಿನ ಗುರುಗಳು ಓಸ್ತಿಯ ಸಾಸಿವೆಯಷ್ಟು ಚೂರನ್ನು ಚಮಚ ನೀರಲ್ಲಿ ಕೊಟ್ಟಿದ್ದರು.

"ಬಾಯಿ, ಆ ದಿವ್ಸ ನಿಮ್ಮೆಜಮಾನ್ರಿಗೆ ಸಿಕ್ಕಿದ್ದು ಎಷ್ಟು ಯೇಸು?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇಡೀ," ಎಂದರು. ಒಳಗೆ ಹೋಗುತ್ತ, "ವೈನು ಜಾಸ್ತಿ ಹಾಕೂಕಿಲ್ಲ ಅಂತ ಫಾದರಿಗೆ ಹೇಳು," ಎಂದು ಸೇರಿಸಿದರು.

ಎಲ್ಲ ಸರಿಯಾಯಿತು ಅಂದುಕೊಂಡೆವು. ಪ್ರಥಮ ಪರಮಪ್ರಸಾದದ ಹಿಂದಿನ ದಿನ ಶನಿವಾರ ಅಭ್ಯಾಸ. ಮಕ್ಕಳನ್ನು ಬಲಿಪೀಠದ ಮುಂದೆ ಸಾಲಾಗಿ ನಿಲ್ಲಿಸಿ, ಫಾದರ್ ಪೂಜೆಯ ಕ್ರಮವನ್ನು ಮಾಡಿ ತೋರಿಸುತ್ತಿದ್ದರು. ಓಸ್ತಿ ಮುರಿದು ಸಣ್ಣ ತುಂಡನ್ನು ಪಾನಪಾತ್ರೆಗೆ ಹಾಕುವ ಕ್ರಮವಿದೆ, ಅದನ್ನೂ ತೋರಿಸಿದರು. ರೀಮಾ ಎರಡು ಹೆಜ್ಜೆ ಹಿಂದೆ ಸರಿದಳು.

"ಫಾದರ್, ಅದ್ರಲ್ಲಿ ಚೂರು ಬಿತ್ತು! ನಂಗೆ ಅದೇ ಕಪ್ಪಲ್ಲಿ ಕೊಡೂದಾ?"

ಅನುಮತಿ ಕೇಳಿದವರು, ಕೊಟ್ಟವರು, ವಾದ ಮಾಡಿದವರು ಯಾರಿಗೂ ಇದು ತೋಚಿರಲಿಲ್ಲ. ಯಾವ ಚಮಚ ಎಲ್ಲಿ ಮುಟ್ಟಿತು ಎಂದು ಪ್ರತಿ ಊಟಕ್ಕೂ ನೋಡಿ ರೂಢಿಯಾದ ಮಗುವಿನ ಕಣ್ಣು ಮಾತ್ರ ಹಿಡಿಯಿತು. ಫಾದರ್ ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಒಳಗೆ ಹೋಗಿ ಕಪಾಟು ತಡಕಿ ಒಂದು ಪುಟ್ಟ ಪಾನಪಾತ್ರೆ ತಂದರು. "ಇದಕ್ಕೆ ಬೇರೆ ದ್ರಾಕ್ಷಾರಸ. ಚೂರು ಹಾಕೂದಿಲ್ಲ, ಬೇರೆ ಯಾರೂ ಮುಟ್ಟೂದಿಲ್ಲ. ಸಾಲಲ್ಲಿ ನೀನೇ ಮೊದ್ಲು. ಓಸ್ತಿ ಹಂಚೂಕೆ ಮುಂಚೆ ನಿಂಗೆ, ಕೈ ತೊಳ್ಕಂಡು. ಆಯ್ತಾ ಬಾಯಿ?" ಬಾಯಿ ಎಂದು ಕರೆಸಿಕೊಂಡ ಹುಡುಗಿ ದೊಡ್ಡವರಂತೆ ತಲೆಯಾಡಿಸಿದಳು.

ನವೆಂಬರಿನ ಆ ಭಾನುವಾರ ರೀಮಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಫಾದರ್ ಪುಟ್ಟ ಪಾತ್ರೆ ಎತ್ತಿ, "ಕ್ರಿಸ್ತನ ರಕ್ತ," ಎಂದರು. "ಆಮೆನ್," ಎಂದು ಒಂದು ಗುಟುಕು ಕುಡಿದು, ಮುಖ ಹಿಂಡಿ, ಹಿಂದಿನ ಬೆಂಚಿಗೂ ಕೇಳುವಂತೆ ಪಿಸುಗುಟ್ಟಿದಳು: "ಅಬ್ಬಾ, ಒಗರು!" ಇಗರ್ಜಿಯಿಡೀ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಮರ್ಸೆಲೀನ್ ಬಾಯಿ.

ಪೂಜೆಯ ನಂತರದ ತಿಂಡಿಗೆ ಆ ಸಲ ಮೇಜಿನ ಮೇಲೆ ಕೇಕ್ ಇಲ್ಲ, ಪಾವಿಲ್ಲ. ಹೆಂಗಸರು ಮಾತಾಡಿಕೊಂಡು ಎಲ್ಲ ಅಕ್ಕಿಯದೇ ಮಾಡಿ ತಂದಿದ್ದರು. ಪೂಜೆಗೆ ಆಗದ ನನ್ನ ಅಕ್ಕಿಗೂ ಒಂದು ಜಾಗ ಸಿಕ್ಕಿತು.

ಆದರೂ ಆ ಸಂಜೆಯೆಲ್ಲ ನನ್ನ ಜೀವ ಕೈಯಲ್ಲಿತ್ತು. ಎಲ್ಲಿಯಾದರೂ ಚೂರು ತಾಗಿದ್ದರೆ? ಸೋಮವಾರ ಬೆಳಿಗ್ಗೆ ಮೀನಿನವಳನ್ನು ಕಾಯುವ ನೆಪದಲ್ಲಿ ಹೆದ್ದಾರಿಯ ಬದಿಗೆ ಬಂದು ನಿಂತೆ. ರೀಮಾ ಶಾಲೆಗೆ ಹೋಗುವ ಅಂಕೋಲಾ ಬಸ್ಸು ಬಂತು. ಕಿಟಕಿಯಿಂದ ಎರಡು ಜಡೆ ಹೊರಗೆ ಬಂದವು.

"ಅಕ್ಕೋರೇ! ಹೊಟ್ಟೆ ನೋಯ್ಲೇ ಇಲ್ಲ!"

ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ರಸ್ತೆಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ. ಅದಾದ ಮೇಲೆ ಅದೆಷ್ಟೋ ಮಕ್ಕಳಿಗೆ ಪಾಠ ಹೇಳಿದೆ. ಯಾವುದೇ ಮಗು ಎದ್ದು ನಿಂತು ಪ್ರಶ್ನೆ ಕೇಳಿದರೆ, ಮೊದಲಿನಂತೆ "ಕೂತ್ಕೋ, ಉರು ಹೊಡಿ," ಅನ್ನುವುದನ್ನು ಬಿಟ್ಟೆ. ದೇವರು ಗೋಧಿಯ ಗುಣ ಬದಲಿಸಲಿಲ್ಲ; ಕೇಳುವ ಬಾಯಿ ಕೊಟ್ಟ, ಕಪಾಟಿನಲ್ಲಿ ಒಂದು ಪುಟ್ಟ ಪಾತ್ರೆ ಇಟ್ಟಿದ್ದ. ಹುಡುಕುವ ಕೆಲಸ ನಮ್ಮದು.