ದ್ರಾಕ್ಷಿಗೆ ಕಟ್ಟಿದ ಕೊಟ್ಟೆ

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯವರು ಕೊನೆಗಾರರು. ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದವರು, ಮಂಡಿ ಸೋತ ಮೇಲೆ ಮರ ಬಿಟ್ಟು ಅಂಗಳದಲ್ಲಿ ದ್ರಾಕ್ಷಿ ಚಪ್ಪರ ಹಾಕಿದರು. ಈ ಮಳೆಯ ಊರಲ್ಲಿ ದ್ರಾಕ್ಷಿಯೇ ಎಂದು ನಕ್ಕವರಿಗೆಲ್ಲ ಒಂದೇ ಉತ್ತರ: "ಮಳೆ ಕೆಲ್ಸ ಮಳೆಗೆ, ನನ್ ಕೆಲ್ಸ ನಂಗೆ."

ಬೆಳಿಗ್ಗೆ ಚಹಾಕ್ಕೂ ಮೊದಲು ಎಲೆಗಳನ್ನು ಹೆಬ್ಬೆರಳಿನಿಂದ ಎತ್ತಿ, ಅಡಿಯಲ್ಲಿ ಬಿಳಿ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಿದ್ದರು. ಮೊದಲ ವರ್ಷ ಮಳೆ ಮುಗಿಯುವ ಮುನ್ನವೇ ಬಳ್ಳಿ ಸವರಿ, ಚಿಗುರಿನ ಹೂವೆಲ್ಲ ಮಳೆಗೆ ಉದುರಿಸಿಕೊಂಡಿದ್ದರು. ಆಮೇಲೆ ದೀಪಾವಳಿ ಕಳೆದು ಆಕಾಶ ತಿಳಿಯಾಗದೆ ಕತ್ತರಿ ಮುಟ್ಟಲಿಲ್ಲ.

ಒಂದು ವರ್ಷ ಮಾರ್ಚಿನಲ್ಲಿ ಹಣ್ಣು ಬಣ್ಣ ತಿರುಗುವಾಗ ಹುಲಿಕಲ್ ಘಾಟಿಯ ಕಡೆ ಮೋಡ ಕಪ್ಪಾಯಿತು. ಅವರು ಅಟ್ಟದಿಂದ ಕೊಟ್ಟೆಗಳನ್ನು ತಂದರು. ಕೊಳೆ ರೋಗ ಬಾರದಂತೆ ಮಳೆಗಾಲದಲ್ಲಿ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಹೊದಿಕೆ ಅದು. ಇದ್ದದ್ದು ಹನ್ನೆರಡೇ.

"ಹಣ್ಣಾದದ್ದು ಕೊಯ್ದುಬಿಡಿ ಮಾರಾಯ್ರೇ, ನೀರು ಕುಡಿದ್ರೆ ಒಡೀತದೆ," ಎಂದರು ನನಗೆ. "ಹಸಿರು ತಡ್ಕೊಳ್ತದೆ. ಬಣ್ಣ ತಿರುಗ್ತಾ ಇರೋದಕ್ಕೆ ಮಾತ್ರ ಕೊಟ್ಟೆ."

ಹನ್ನೆರಡನೆಯ ಗಂಟು ಬಿಗಿಯುವಾಗ ಮಳೆ ಹೊಡೆಯಿತು. ನಿಂತ ಕೂಡಲೇ ಎಲ್ಲವನ್ನೂ ಬಿಚ್ಚಿದರು, ಒಳಗೆ ಹಣ್ಣು ಬೆವರಬಾರದೆಂದು.

ಹದಿನೈದು ದಿನ ಬಿಟ್ಟು, ಕೊಟ್ಟೆ ಕಟ್ಟಿದ್ದ ಗೊಂಚಲೊಂದರ ಹಣ್ಣನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

"ಹ್ಯಾಂಗಿದೆ?" ಎಂದೆ.

"ಹುಳಿ," ಎಂದರು. ಇನ್ನೊಂದು ಹಣ್ಣು ಕಿತ್ತು, ಸುತ್ತ ತಿರುಗಿಸಿ ನೋಡಿ, ನನ್ನ ಅಂಗೈಯಲ್ಲಿಟ್ಟರು.

"ಒಡೆದಿಲ್ಲ, ನೋಡಿ."